ಕಾಗದದ ಲೋಟ ಯಾವ ಬುಟ್ಟಿಗೆ?

ಕಸದ ವಿಷಯ ಈ ಅಂಕಣದಲ್ಲಿ ಬಂದಾಗಲೆಲ್ಲ ಓದುಗರು ಒಂದು ಪ್ರಶ್ನೆಯನ್ನು ತಪ್ಪದೇ ಕೇಳುತ್ತಾರೆ. ಪಿಜ್ಜಾ ಬಂದ ರಟ್ಟಿನ ಡಬ್ಬ, ಕಾಫಿ ಕುಡಿದ ಪೇಪರ್ ಲೋಟ, ಸ್ವೀಟ್ ಬಾಕ್ಸು, ಹೋಟೆಲಿನವರು ಇಡ್ಲಿ ಕಟ್ಟಿಕೊಟ್ಟ ಕಾಗದ, ಇವನ್ನೆಲ್ಲ ಒಣ ಕಸಕ್ಕೆ ಹಾಕಿದರೆ ಮತ್ತೆ ಕಾಗದವಾಗುತ್ತವೆಯೇ? ಹುಬ್ಬಳ್ಳಿಯವರೂ ಕೇಳುತ್ತಾರೆ, ಮಂಗಳೂರಿನವರೂ ಕೇಳುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೇ ವಿಷಯಕ್ಕೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಜಗಳವೇ ಆಗುತ್ತದೆ. ಚಿಕ್ಕ ಉತ್ತರ ಬೇಕಾದರೆ ಇಷ್ಟು: ಕೆಲವು ಆಗುತ್ತವೆ, ಹೆಚ್ಚಿನವು ಆಗುವುದಿಲ್ಲ, ಆಗಬಹುದಾಗಿದ್ದ ಎಷ್ಟನ್ನೋ ನಾವು ಅಡುಗೆಮನೆಯಲ್ಲೇ ಕೆಡಿಸಿ ಕಳಿಸುತ್ತೇವೆ. ಆದರೆ ಈ ಚಿಕ್ಕ ಉತ್ತರದಿಂದ ಯಾರ ಕೈಯೂ ಸರಿಯಾದ ಬುಟ್ಟಿಗೆ ಹೋಗುವುದಿಲ್ಲ. ಏಕೆ ಎಂದು ಗೊತ್ತಾದರೆ ಹೋಗುತ್ತದೆ.

ಹಳೇ ಕಾಗದ ಮಿಲ್ಲು ಸೇರಿದ ಮೇಲೆ ಅದಕ್ಕೆ ಏನಾಗುತ್ತದೆ ಎಂಬುದರಿಂದಲೇ ಶುರುಮಾಡೋಣ. ಕಾಗದದ ಕಾರ್ಖಾನೆ ಎಂದರೆ ನಮ್ಮ ಕಡೆಯವರಿಗೆ ಭದ್ರಾವತಿ, ದಾಂಡೇಲಿ ನೆನಪಾಗುತ್ತವೆ. ಬಿದಿರು, ನೀಲಗಿರಿ ಮರದ ರಾಶಿಗಳು ಕಣ್ಣಿಗೆ ಬರುತ್ತವೆ. ರದ್ದಿಯನ್ನೇ ನಂಬಿ ನಡೆಯುವ ಮಿಲ್ಲುಗಳು ಬೇರೆ. ನಂಜನಗೂಡಿನ ಬಳಿಯ ಚಿಕ್ಕಯ್ಯನಛತ್ರದಲ್ಲಿ ಅಂಥದ್ದೊಂದಿದೆ. ಗುಜರಿಯಿಂದ ಬಂದ ಬೇಲುಗಳನ್ನು ಅಲ್ಲಿ ಮೊದಲು ಪಲ್ಪರ್ ಎಂಬ ದೊಡ್ಡ ತೊಟ್ಟಿಗೆ ಸುರಿಯುತ್ತಾರೆ. ತುಂಬ ನೀರು, ತಳದಲ್ಲಿ ತಿರುಗುವ ರೆಕ್ಕೆಗಳು. ಕಡೆಗೋಲು ಮೊಸರನ್ನು ಕಡೆದಂತೆ ಅದು ಕಾಗದವನ್ನು ನೀರಿನಲ್ಲಿ ಕಡೆಯುತ್ತದೆ. ಕಾಗದ ಎಂದರೆ ಒಂದಕ್ಕೊಂದು ಹೆಣೆದುಕೊಂಡು ಒಣಗಿದ ಮರದ ನಾರು ಅಷ್ಟೇ. ನೀರು ಕುಡಿದೊಡನೆ ಆ ಹಿಡಿತ ಸಡಿಲಾಗಿ ನಾರು ಬಿಡಿಬಿಡಿಯಾಗುತ್ತದೆ, ತೊಟ್ಟಿಯ ತುಂಬ ಗಂಜಿಯಂಥ ತಿರುಳು ನಿಲ್ಲುತ್ತದೆ. ಸ್ಟೇಪಲ್ ಪಿನ್ನು, ಟೇಪು, ಮರಳು ಇವೆಲ್ಲ ಜರಡಿಗಳಲ್ಲಿ ನಿಲ್ಲುತ್ತವೆ. ತಿರುಳನ್ನು ಜಾಲರಿಯ ಮೇಲೆ ಹರಡಿ, ನೀರು ಬಸಿದು, ಒತ್ತಿ, ಬಿಸಿ ಉರುಳೆಗಳ ಮೇಲೆ ಒಣಗಿಸಿದರೆ ಹೊಸ ಕಾಗದ. ಪ್ರತಿ ಸುತ್ತಿನಲ್ಲೂ ನಾರು ತುಸು ಮೋಟಾಗುತ್ತದೆ. 5ರಿಂದ 7 ಸುತ್ತು ಬಂದ ಮೇಲೆ ಅದರಿಂದ ಬರೆಯುವ ಹಾಳೆ ಮಾಡಲು ಬರುವುದಿಲ್ಲ. ಕೋಳಿಮೊಟ್ಟೆಯ ಬೂದುಬಣ್ಣದ ಟ್ರೇ ಇದೆಯಲ್ಲ, ಅದು ಬಹಳಷ್ಟು ಸಲ ಹೀಗೆ ದಣಿದ ನಾರಿನ ಕೊನೆಯ ನಿಲ್ದಾಣ.

ಈ ಇಡೀ ಕೆಲಸ ನಿಂತಿರುವುದು ನೀರಿನ ಮೇಲೆ. ಆದ್ದರಿಂದ ಯಾವುದೇ ಪ್ಯಾಕಿಂಗ್ ಕಾಗದ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆ ‘ಇದು ಕಾಗದವೇ’ ಎಂದಲ್ಲ, ‘ಇದು ನೀರಿನಲ್ಲಿ ಬಿಡಿಸಿಕೊಳ್ಳುತ್ತದೆಯೇ’ ಎಂದು. ಊಟ ಕಟ್ಟಲು ಮಾಡಿದ ಕಾಗದಕ್ಕೆ ಇರುವ ತೊಡಕೇ ಇದು. ಸಾರು ಸೋರಬಾರದು, ಎಣ್ಣೆ ಹೊರಗೆ ಇಳಿಯಬಾರದು, ಕಾಫಿ ಹಾಕಿದರೆ ತಳ ಮೆತ್ತಗಾಗಬಾರದು ಎಂದೇ ಅದನ್ನು ಮಾಡಿರುತ್ತಾರೆ. ನೀರಿಗೆ ಬಗ್ಗದ ಹಾಗೆ ಮಾಡಿದ ವಸ್ತುವನ್ನು ಮಿಲ್ಲಿನಲ್ಲಿ ನೀರಿನಿಂದಲೇ ಬಿಡಿಸಬೇಕು.

ಎಣ್ಣೆಯದೂ ಇದೇ ಕಥೆ. ಬೋಂಡಾ, ಬಜ್ಜಿ ಇಟ್ಟುಕೊಟ್ಟ ಕಾಗದದಲ್ಲಿ ಎಣ್ಣೆ ನಾರಿನೊಳಕ್ಕೇ ಇಳಿದಿರುತ್ತದೆ. ತೊಟ್ಟಿಯ ನೀರಿನಲ್ಲಿ ಅದು ಪೂರ್ತಿ ಬಿಡುವುದಿಲ್ಲ. ಬಿಟ್ಟಷ್ಟು ತಿರುಳಿನಲ್ಲೇ ತೇಲಿ ಮತ್ತೆ ನಾರಿಗೆ ಅಂಟಿಕೊಳ್ಳುತ್ತದೆ. ಎಣ್ಣೆ ಇದ್ದ ಕಡೆ ನಾರು ನಾರನ್ನು ಹಿಡಿಯುವುದಿಲ್ಲ, ಹೊಸ ಹಾಳೆಯಲ್ಲಿ ಕಲೆ ಬೀಳುತ್ತದೆ, ಹಾಳೆ ಅಲ್ಲೇ ಹರಿಯುತ್ತದೆ. ಪಿಜ್ಜಾ ಡಬ್ಬದ ಬಗೆಗಿನ ಗೊಂದಲ ಇರುವುದೂ ಇಲ್ಲಿಯೇ. ಸುಕ್ಕುರಟ್ಟಿನ ಆ ಡಬ್ಬಕ್ಕೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ ಇರುವುದಿಲ್ಲ, ನಾರೂ ಗಟ್ಟಿ. ಒಂದೆರಡು ಎಣ್ಣೆ ಚುಕ್ಕೆಗಳಿಂದ ಯಾವ ಮಿಲ್ಲೂ ಮುಳುಗುವುದಿಲ್ಲ. ಮುಚ್ಚಳವನ್ನು ಹರಿದು ತೆಗೆದರೆ ಅದು ಶುದ್ಧ ರಟ್ಟು, ಅದನ್ನು ರದ್ದಿಗೆ ಹಾಕಿ. ಚೀಸ್ ಅಂಟಿದ, ಎಣ್ಣೆ ಕುಡಿದ ತಳವನ್ನು ಚೂರು ಮಾಡಿ ಹಸಿ ಕಸಕ್ಕೆ ಹಾಕಿ. ಮನೆಯಲ್ಲಿ ಗೊಬ್ಬರದ ಬುಟ್ಟಿ ಇಟ್ಟವರಿಗಂತೂ ರಟ್ಟಿನ ಚೂರು ಬಂಗಾರ. ತರಕಾರಿ ಸಿಪ್ಪೆಯ ತೇವ ಹೀರಿ, ಗಾಳಿಯಾಡಲು ಜಾಗ ಕೊಟ್ಟು, ವಾಸನೆ ಬಾರದಂತೆ ನೋಡಿಕೊಳ್ಳುತ್ತದೆ.

ಪೇಪರ್ ಲೋಟದ ವಿಷಯ ಹೀಗೆ ಸುಲಭಕ್ಕೆ ಮುಗಿಯುವುದಿಲ್ಲ, ಅದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಇದು ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದ. ಅಮೆರಿಕದ ರೈಲು ನಿಲ್ದಾಣಗಳಲ್ಲಿ, ಶಾಲೆಗಳಲ್ಲಿ ಎಲ್ಲರೂ ಒಂದೇ ತಗಡಿನ ಸೌಟಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದ ಕಾಲದಲ್ಲಿ, ರೋಗ ಹರಡುವುದನ್ನು ತಡೆಯಲೆಂದು 1907ರ ಸುಮಾರಿಗೆ ಬಾಸ್ಟನ್ನಿನ ಲಾರೆನ್ಸ್ ಲುಯೆಲೆನ್ ಎಂಬ ವಕೀಲ ಕಾಗದದ ಲೋಟವನ್ನು ರೂಪಿಸಿದ. ಮೊದಮೊದಲು ನೀರು ತಡೆಯಲು ಮೇಣ ಬಳಿಯುತ್ತಿದ್ದರು. ಬಿಸಿ ಕಾಫಿಗೆ ಮೇಣ ಕರಗುತ್ತದೆ. ಆ ಜಾಗಕ್ಕೆ ಪಾಲಿಎಥಿಲೀನ್ ಬಂತು. ಹಾಲಿನ ಕವರು ಮಾಡುವುದೂ ಇದೇ ಜಾತಿಯ ಪ್ಲಾಸ್ಟಿಕ್ಕಿನಿಂದ. ಈಗಿನ ಲೋಟದ ತೂಕದಲ್ಲಿ ಸುಮಾರು 5ರಿಂದ 10% ಈ ಪ್ಲಾಸ್ಟಿಕ್ ಇರುತ್ತದೆ, ಉಳಿದದ್ದು ಒಳ್ಳೇ ಹೊಸ ನಾರು.

ಒಂದು ಲೋಟ ತೆಗೆದುಕೊಂಡು ನೋಡಿ. ಪಕ್ಕದ ಜೋಡಣೆಯ ಗುಂಟ ಕತ್ತರಿಯಿಂದ ಸೀಳಿ, ಬಿಡಿಸಿ, ರಾತ್ರಿ ಒಂದು ಬಟ್ಟಲು ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಹೊರಗಿನ ಮೈಯನ್ನು ಹೆಬ್ಬೆರಳಿನಿಂದ ಉಜ್ಜಿದರೆ ಕಾಗದ ಬತ್ತಿಬತ್ತಿಯಾಗಿ ಉರುಳಿ ಬರುತ್ತದೆ. ಉಜ್ಜುತ್ತ ಹೋದಂತೆ ಒಳಗಿನಿಂದ ತೆಳ್ಳನೆಯ, ಬೆಳಕು ಹಾಯುವ ಒಂದು ಪೊರೆ ಇಣುಕುತ್ತದೆ. ಎಳೆದರೆ ಹರಿಯುವ ಮೊದಲು ಹಿಗ್ಗುತ್ತದೆ. ಜೋಡಣೆಯ ಜಾಗದಲ್ಲಿ ಗೋಂದು ಹುಡುಕಿದರೆ ಸಿಗುವುದಿಲ್ಲ. ಆ ಪೊರೆಯನ್ನೇ ಬಿಸಿ ಮಾಡಿ ಕರಗಿಸಿ ಎರಡೂ ಅಂಚನ್ನು ಕೂಡಿಸಿರುತ್ತಾರೆ. ಪ್ಲಾಸ್ಟಿಕ್ ಇಲ್ಲದಿದ್ದರೆ ಲೋಟವು ಲೋಟವಾಗಿ ನಿಲ್ಲುತ್ತಲೂ ಇರಲಿಲ್ಲ. ಮಕ್ಕಳಿರುವ ಮನೆಯಲ್ಲಿ ಇದನ್ನು ಒಮ್ಮೆ ಮಾಡಿ ತೋರಿಸಬೇಕು. ಯಾವ ಭಿತ್ತಿಪತ್ರವೂ ಇಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ.

ಒಂದು ರಾತ್ರಿ ನೆನೆಸಿದರೆ ನಾರು ಬಿಡುತ್ತದೆಂದ ಮೇಲೆ ಮಿಲ್ಲಿಗೆ ಏನು ಕಷ್ಟ ಎಂದು ನೀವು ಕೇಳಬಹುದು. ಬಿಡಿಸಲು ಬರುತ್ತದೆ, ನಿಜ. ಆದರೆ ಹಳೇ ಪತ್ರಿಕೆ ಬೇಗ ಬಿಡಿಸಿಕೊಳ್ಳುವ ತೊಟ್ಟಿಯಲ್ಲಿ ಲೋಟಕ್ಕೆ ಹೆಚ್ಚು ಹೊತ್ತು ಬೇಕು, ಪೊರೆಯನ್ನು ಬೇರೆ ಮಾಡುವ ಜರಡಿ ಬೇಕು. ಎಲ್ಲ ಮಿಲ್ಲಿನಲ್ಲೂ ಆ ಏರ್ಪಾಡಿಲ್ಲ. ಇರುವ ಮಿಲ್ಲಿಗಾದರೂ ಲೋಟಗಳೇ ಬೇರೆಯಾಗಿ, ಒಣಗಿ, ಲಾರಿಗಟ್ಟಲೆ ಹೋಗಬೇಕು. ಸಾಮಾನ್ಯ ರದ್ದಿಯ ನಡುವೆ ನುಸುಳಿದ ಲೋಟ ಪೂರ್ತಿ ಕರಗದೆ ಜರಡಿಯಲ್ಲಿ ಸಿಕ್ಕಿ, ಒಳ್ಳೆಯ ನಾರಿನ ಸಮೇತ ಹೊರಗೆ ಬೀಳುತ್ತದೆ.

ಬೆಂಗಳೂರಿನ ಒಂದು ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರದಲ್ಲಿ ಇದರ ಇನ್ನೊಂದು ಮುಖ ಕಂಡಿದ್ದೇನೆ. ತಗಡಿನ ಮಾಡು, ಗೋಡೆಯುದ್ದಕ್ಕೂ ತೂಗುಹಾಕಿದ ಚೀಲಗಳು. ಬಿಳಿ ಕಾಗದಕ್ಕೊಂದು, ನ್ಯೂಸ್ ಪೇಪರಿಗೊಂದು, ರಟ್ಟಿಗೊಂದು, ಹಾಲಿನ ಕವರಿಗೊಂದು, ನೀರಿನ ಬಾಟಲಿಗೊಂದು. ಅಪಾರ್ಟ್‌ಮೆಂಟಿನಿಂದ ಬಂದ ಒಂದು ಮೂಟೆಯನ್ನು ಕೆಲಸದ ಹೆಂಗಸು ನೆಲಕ್ಕೆ ಸುರಿದರು. ಮೇಲೆಯೇ ಮಕ್ಕಳ ನೋಟ್‌ಬುಕ್ಕುಗಳು, ಒಳ್ಳೆಯ ಬಿಳಿ ಹಾಳೆ. ಅವುಗಳ ನಡುವೆ ಊಟ ತರಿಸಿಕೊಂಡ ಪೇಪರ್ ಬಟ್ಟಲು, ಅದರಲ್ಲಿ ಅರ್ಧ ಉಳಿದ ಕುರ್ಮಾ. ಕುರ್ಮಾ ಹಾಳೆಗಳಿಗೆ ಇಳಿದು, ಹಾಳೆಗಳು ಒಂದಕ್ಕೊಂದು ಅಂಟಿ, ಬೂಸ್ಟು ಹಿಡಿಯಲು ಶುರುವಾಗಿತ್ತು. ‘ನೋಡಿ ಅಕ್ಕ, ಇಷ್ಟೂ ಹೋಯ್ತು. ಒದ್ದೆ ಪೇಪರ್ ತಗೊಂಡು ಹೋದ್ರೆ ಗುಜರಿಯವ್ರು ತೂಕದಲ್ಲಿ ಹಿಡೀತಾರೆ, ಇಲ್ಲಾ ವಾಪಸ್ ಕಳಿಸ್ತಾರೆ’ ಎಂದರು. ಲೋಟಗಳನ್ನು ಏನು ಮಾಡುತ್ತೀರಿ ಎಂದೆ. ‘ಅದನ್ನ ಯಾರು ತಗೋತಾರೆ? ಚೀಲ ತುಂಬಿದ್ರೂ ತೂಕ ಬರಲ್ಲ.’ ಮಾತಾಡುತ್ತಲೇ ಅವರ ಕೈ ಒಂದೊಂದೇ ಲೋಟವನ್ನು ಅಲ್ಲಾಡಿಸಿ, ತಳದಲ್ಲಿ ಉಳಿದ ಚಹಾ ಚೆಲ್ಲಿ, ಮೂಲೆಯ ರಾಶಿಗೆ ಎಸೆಯುತ್ತಿತ್ತು. ಹೀಗೆ ಮಾರಾಟವಾಗದೆ ಉಳಿದ ಒಣ ಕಸದಲ್ಲಿ ಒಂದಷ್ಟು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಹೋಗುತ್ತದೆ, ಉಳಿದದ್ದು ಭೂಭರ್ತಿಗೆ.

ಮತ್ತೆ ಕಾಗದ ಆಗಿಬಿಡಬಹುದು ಎಂಬ ಆಸೆಯಿಂದ ಸಿಕ್ಕಿದ್ದನ್ನೆಲ್ಲ ಒಣ ಕಸಕ್ಕೆ ಹಾಕುವವರು ಕೆಟ್ಟವರಲ್ಲ. ಕಸದ ಬಗ್ಗೆ ಕಾಳಜಿ ಇದ್ದುದರಿಂದಲೇ ಹಾಕುತ್ತಾರೆ. ಆ ಆಸೆಯ ಬೆಲೆಯನ್ನು ಮಾತ್ರ ಮೂಟೆ ಬಿಚ್ಚುವ ಕೈಗಳು ತೆರುತ್ತವೆ. ದಿನಕ್ಕೆ ಎಷ್ಟು ರದ್ದಿ ಮಾರಿದರೋ ಅಷ್ಟು ಆದಾಯ ಇರುವವರಿಗೆ ಒಂದು ಮೂಟೆ ನೋಟ್‌ಬುಕ್ಕು ಹಾಳಾಗುವುದೆಂದರೆ ಸಣ್ಣ ಮಾತಲ್ಲ. ಆದ್ದರಿಂದ ನನ್ನ ಮೊದಲ ಬೇಡಿಕೆ ವಿಂಗಡಣೆಗಿಂತಲೂ ಸರಳವಾದದ್ದು: ಒಣ ಕಸ ಎಂದರೆ ಒಣಗಿರಲಿ. ಉಳಿದ ಪಲ್ಯ ಹಸಿ ಕಸಕ್ಕೆ, ಬಟ್ಟಲನ್ನು ಪಾತ್ರೆ ತೊಳೆದ ನೀರಿನಲ್ಲೇ ಒಮ್ಮೆ ಜಾಲಾಡಿ, ಬೋರಲು ಹಾಕಿ ಒಣಗಿಸಿ. ಒಳಪದರ ಇರುವ ಲೋಟ, ಬಟ್ಟಲು, ಐಸ್‌ಕ್ರೀಮ್ ಕಪ್ಪುಗಳನ್ನು ಒಂದರೊಳಗೊಂದು ಸೇರಿಸಿ, ರದ್ದಿಯ ಜೊತೆ ಬೆರೆಸದೆ ಬೇರೆ ಕವರಿನಲ್ಲಿ ಒಣ ಕಸದವರಿಗೆ ಕೊಡಿ. ಅವರಿಗೆ ಅದನ್ನು ಎತ್ತಿಡಲು ಅರೆ ನಿಮಿಷ ಸಾಕಾಗುತ್ತದೆ.

ಇವುಗಳಿಗೆ ಎಲ್ಲಕ್ಕಿಂತ ಕೆಟ್ಟ ಜಾಗ ಹಸಿ ಕಸದ ಬುಟ್ಟಿ. ಕಾಗದ ತಾನೇ, ಮಣ್ಣಾಗುತ್ತದೆ ಎಂದು ಎಂಜಲಿನ ಜೊತೆ ಹಾಕುವವರು ಬಹಳ. ನಾರು ಮಣ್ಣಾಗುತ್ತದೆ, ಪೊರೆ ಚೂರುಚೂರಾಗಿ ಗೊಬ್ಬರದಲ್ಲೇ ಉಳಿಯುತ್ತದೆ. ಆ ಗೊಬ್ಬರ ಹೋಗುವುದು ಹೊಲಕ್ಕೆ. ನಗರದ ಕಸದ ಗೊಬ್ಬರವನ್ನು ರೈತರು ಅನುಮಾನದಿಂದ ನೋಡುವುದಕ್ಕೆ ಅದರಲ್ಲಿ ಸಿಗುವ ಪ್ಲಾಸ್ಟಿಕ್ಕು, ಗಾಜಿನ ಚೂರುಗಳೂ ಕಾರಣ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರುಗಳ ಜನ ನಮ್ಮ ಕಸದಿಂದ ವರ್ಷಗಟ್ಟಲೆ ಬೆಂದು, ಹೋರಾಡಿ ಆ ತಿಪ್ಪೆಗಳನ್ನು ಮುಚ್ಚಿಸಿದ್ದಾರೆ. ಈಗ ಹಳ್ಳಿಗೆ ನಾವು ಕಳಿಸುವ ಗೊಬ್ಬರವಾದರೂ ಚೊಕ್ಕಟವಾಗಿರಬೇಕಲ್ಲವೇ?

ದರ್ಶಿನಿಗಳಲ್ಲಿ ತಟ್ಟೆಯ ಮೇಲೆ ಹಾಸುವ ಹಸಿರು ಕಾಗದವನ್ನು ನೋಡಿರುತ್ತೀರಿ. ಮೇಲೆ ಬಾಳೆಎಲೆಯ ಚಿತ್ರ, ನಡುದಿಂಡು, ಗೆರೆಗಳು ಎಲ್ಲ ಅಚ್ಚಾಗಿರುತ್ತವೆ. ಮಸಾಲೆ ದೋಸೆ ತಿಂದ ಮೇಲೆ ಅದರ ಅಂಚನ್ನು ಹಿಡಿದು ನಿಧಾನವಾಗಿ ಹರಿಯಿರಿ. ಬರೀ ಕಾಗದ ಹರಿದರೆ ಅಂಚು ಒರಟಾಗಿ, ನಾರುನಾರಾಗಿರುತ್ತದೆ. ಇದರಲ್ಲಿ ಕಾಗದ ಹರಿದ ಮೇಲೂ ಒಂದು ಹೊಳೆಯುವ ಅಂಚು ಹಿಂದೆಯೇ ಉಳಿದು ಎಳೆದುಕೊಂಡು ಬರುತ್ತದೆ. ಅದೇ ಪ್ಲಾಸ್ಟಿಕ್ಕು. ಮದುವೆಮನೆಗಳ ಬೆಳ್ಳಿಬಣ್ಣದ ಪೇಪರ್ ತಟ್ಟೆಯಲ್ಲೂ ಸಾಮಾನ್ಯವಾಗಿ ಇಂಥದ್ದೇ ಮಿಂಚುವ ಪೊರೆ ಇರುತ್ತದೆ. ಈ ಹರಿಯುವ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ, ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಹೇಳುವುದೂ ಇಲ್ಲ. ನಿಜವಾದ ಬಾಳೆಎಲೆ, ಮುತ್ತುಗದೆಲೆ, ದೊನ್ನೆ, ಅಡಿಕೆ ಹಾಳೆಯ ತಟ್ಟೆ ಇವೆಲ್ಲ ಎಂಜಲಿನ ಸಮೇತ ಹಸಿ ಕಸಕ್ಕೆ ಸಲ್ಲುತ್ತವೆ. ಇಂಥ ನಾಡಿನಲ್ಲಿ ಬಾಳೆಎಲೆಯ ಚಿತ್ರವನ್ನು ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಸಿ ಉಣ್ಣುವುದು ನನಗಂತೂ ಬೇಸರದ ವಿಷಯ.

ಸ್ವೀಟ್ ಬಾಕ್ಸಿಗೂ ಹರಿದು ನೋಡುವ ಪರೀಕ್ಷೆಯೇ. ಒಳಮೈ ಬೂದುಬಣ್ಣವಿದ್ದರೆ ಅದು ಈಗಾಗಲೇ ಒಂದು ಜನ್ಮ ಮುಗಿಸಿ ಬಂದ ರದ್ದಿಯ ರಟ್ಟು; ಮತ್ತೊಂದು ಜನ್ಮಕ್ಕೂ ಹೋಗಬಲ್ಲದು. ಮೈಸೂರುಪಾಕಿನ ತುಪ್ಪ ಇಳಿದ ಬಟರ್ ಪೇಪರನ್ನು ಮಾತ್ರ ತೆಗೆಯಬೇಕು, ಅದು ರದ್ದಿಯಲ್ಲ. ಹೊರಮೈಯಲ್ಲಿ ಫಳಫಳ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಡಬ್ಬ ಲೋಟದ ಗುಂಪಿಗೇ ಸೇರುತ್ತದೆ. ಓಟ್ಸ್, ಜಾಮೂನು ಪುಡಿ ಬರುವ ಡಬ್ಬಗಳು ಚಿಂತೆಯಿಲ್ಲದವು: ತಿನ್ನುವ ಪದಾರ್ಥ ಒಳಗಿನ ಕವರಿನಲ್ಲಿರುತ್ತದೆ, ಹೊರಗಿನದು ಚೊಕ್ಕ ರಟ್ಟು. ಊಟ ತಂದುಕೊಡುವವರ ಕಂದುಬಣ್ಣದ ಕಾಗದದ ಚೀಲವೂ ಎಣ್ಣೆ ತಾಗದಿದ್ದರೆ ಹಾಗೆಯೇ. ಕೈ ಒರೆಸಿದ ಟಿಶ್ಯೂ ರದ್ದಿಗೆ ಬೇಡ, ಹಸಿ ಕಸಕ್ಕೆ ಇರಲಿ. ಪತ್ರಿಕೆಯಲ್ಲಿ ಬಜ್ಜಿ ಕಟ್ಟಿಕೊಟ್ಟರೆ ಅದು ಯಾವ ಬುಟ್ಟಿಗೆ ಎನ್ನುವುದಕ್ಕಿಂತ, ಅದರಲ್ಲಿ ತಿನ್ನುವುದೇ ಬೇಡ. ಮುದ್ರಣದ ಶಾಯಿ ಹೊಟ್ಟೆಗೆ ಹೋಗುವ ಪದಾರ್ಥವಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳೂ ತಿಂಡಿ ಕಟ್ಟಲು ಪತ್ರಿಕೆ ಬಳಸುವುದನ್ನು ನಿಷೇಧಿಸಿವೆ.

ಟೆಟ್ರಾ ಪ್ಯಾಕಿನದು ಅಚ್ಚರಿ ಹುಟ್ಟಿಸುವ ಕಥೆ. ಸುಮಾರು 75% ರಟ್ಟು, 20% ಪ್ಲಾಸ್ಟಿಕ್, 5% ಅಲ್ಯೂಮಿನಿಯಂ ಪದರಪದರವಾಗಿ ಅಂಟಿಕೊಂಡ ಡಬ್ಬಿ ಅದು. ನೋಡಿದರೆ ಲೋಟಕ್ಕಿಂತ ಕಷ್ಟದ ವಸ್ತು. ಆದರೂ ನಮ್ಮ ದೇಶದಲ್ಲಿ ಅದನ್ನೇ ಬೇರೆಯಾಗಿ ಸಂಗ್ರಹಿಸಿ, ನಾರು ತೆಗೆದು ಕಾಗದ ಮಾಡುವ, ಉಳಿದ ಪ್ಲಾಸ್ಟಿಕ್–ಅಲ್ಯೂಮಿನಿಯಂ ಮಿಶ್ರಣವನ್ನು ಬಿಸಿಯಲ್ಲಿ ಒತ್ತಿ ಹಲಗೆ, ಮಾಡಿನ ಶೀಟು, ಶಾಲೆಯ ಬೆಂಚು ಮಾಡುವ ವ್ಯವಸ್ಥೆ ಬೆಳೆದಿದೆ. ಡಬ್ಬಿ ಮಾಡಿದವರು ಅದರ ಕೊನೆಯ ಬಗ್ಗೆಯೂ ದುಡ್ಡು ಹಾಕಿದರೆ, ಒಂದೇ ಆಕಾರದ ಮಾಲು ರಾಶಿಯಾಗಿ ಸಿಕ್ಕರೆ, ಕಷ್ಟದ್ದೂ ಸಾಧ್ಯವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಗುಡ್‌ಲೈಫ್ ಹಾಲಿನದೋ ಜ್ಯೂಸಿನದೋ ಡಬ್ಬಿ ಖಾಲಿಯಾದಾಗ ನೀರು ಹಾಕಿ ಕುಲುಕಿ, ಚಪ್ಪಟೆ ಮಾಡಿ ಒಣ ಕಸಕ್ಕೆ ಹಾಕಿ. ಲೋಟಕ್ಕೆ ಇಲ್ಲದ ದಾರಿ ಅದಕ್ಕೆ ಇದೆ.

ಪೇಪರ್ ಲೋಟ ಈ ಪರಿ ಹಬ್ಬಿದ್ದರ ಹಿಂದೆ ಕಾನೂನಿನ ಪಾತ್ರವೂ ಇದೆ. ಕರ್ನಾಟಕ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಂತವು. ಎರಡೂ ಬೇಕಾಗಿದ್ದ ಹೆಜ್ಜೆಗಳೇ. ಖಾಲಿಯಾದ ಜಾಗವನ್ನು ಮಾತ್ರ ಸ್ಟೀಲ್ ಲೋಟ ತುಂಬಲಿಲ್ಲ, ಪ್ಲಾಸ್ಟಿಕ್ ಒಳಗೆ ಅಡಗಿಸಿಕೊಂಡ ಕಾಗದ ತುಂಬಿತು. ಪಕ್ಕದ ತಮಿಳುನಾಡು 2019ರ ಜನವರಿ 1ರಿಂದ ಜಾರಿಗೆ ತಂದ ನಿಷೇಧದಲ್ಲಿ ಪ್ಲಾಸ್ಟಿಕ್ ಲೇಪಿಸಿದ ಕಾಗದದ ಲೋಟ, ತಟ್ಟೆಗಳನ್ನೂ ಸೇರಿಸಿತ್ತು. ಆ ಸ್ಪಷ್ಟತೆ ನಮ್ಮಲ್ಲೂ ಬರಬೇಕು. ಆರೋಗ್ಯದ ಮಾತೂ ಇದೆ: ಖರಗಪುರ ಐಐಟಿಯ ಸಂಶೋಧಕರು ಇಂಥ ಲೋಟದಲ್ಲಿ 100 ಮಿಲಿ ಬಿಸಿ ನೀರನ್ನು 15 ನಿಮಿಷ ಇಟ್ಟು ನೋಡಿದಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಇಳಿದಿದ್ದವು.

ಅಂಗಡಿಯಲ್ಲಿ ‘ಪರಿಸರಸ್ನೇಹಿ’ ಎಂದು ಬರೆದ ಲೋಟ ಸಿಕ್ಕರೆ ಅದನ್ನೂ ಹರಿದೇ ನೋಡಿ. ಕೆಲವಕ್ಕೆ ಮುಸುಕಿನ ಜೋಳದ ಪಿಷ್ಟದಿಂದ ಮಾಡಿದ ಪಿಎಲ್ಎ ಪದರ ಇರುತ್ತದೆ. ಅದು ಕರಗುತ್ತದೆ, ಆದರೆ 60 ಡಿಗ್ರಿಯ ಹತ್ತಿರದ ಬಿಸಿಯನ್ನು ದಿನಗಟ್ಟಲೆ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕದಲ್ಲಿ. ಬಾಲ್ಕನಿಯ ಮಡಕೆಯಲ್ಲಿ ಅಲ್ಲ. ಮೂರು ಬಾಣಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಚಿಹ್ನೆಯನ್ನೂ ಪೂರ್ತಿ ನಂಬಬೇಡಿ. 1970ರಲ್ಲಿ ಅಮೆರಿಕದ ರಟ್ಟಿನ ಕಂಪನಿಯೊಂದು ನಡೆಸಿದ ಸ್ಪರ್ಧೆಗೆ ಗ್ಯಾರಿ ಆ್ಯಂಡರ್ಸನ್ ಎಂಬ ವಿದ್ಯಾರ್ಥಿ ಬರೆದುಕೊಟ್ಟ ಚಿತ್ರ ಅದು. ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಅಚ್ಚು ಹಾಕಬಹುದು. ನಿಮ್ಮ ಊರಿನಲ್ಲಿ ಆ ಡಬ್ಬವನ್ನು ಕೊಳ್ಳುವ ಮಿಲ್ಲು ಇದೆಯೇ ಇಲ್ಲವೇ ಎಂಬುದನ್ನು ಅದು ಹೇಳುವುದಿಲ್ಲ.

ಇಷ್ಟೆಲ್ಲ ಪರೀಕ್ಷೆಯನ್ನು ಊಟ ಮುಗಿಸಿ ಕೈ ತೊಳೆಯಲು ಹೊರಟವರ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಲೋಟ ಮಾಡುವವರಿಗೆ ಅದರಲ್ಲಿ ಏನಿದೆ ಎಂದು ಗೊತ್ತು. ತಳದ ಮೇಲೆ ‘ಒಳಗೆ ಪ್ಲಾಸ್ಟಿಕ್ ಪದರ ಇದೆ, ರದ್ದಿಗೆ ಸೇರಿಸಬೇಡಿ’ ಎಂದು ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿಸಲು ಹೆಚ್ಚು ಖರ್ಚೂ ಇಲ್ಲ. ತಯಾರಕರೇ ತಮ್ಮ ಪ್ಯಾಕಿಂಗಿನ ಕೊನೆಯ ಹೊಣೆ ಹೊರಬೇಕೆಂಬ ನಿಯಮ ಪ್ಲಾಸ್ಟಿಕ್ಕಿಗೆ ಈಗಾಗಲೇ ಇದೆ. ಕಾಗದ, ಗಾಜು, ಲೋಹದ ಪ್ಯಾಕಿಂಗಿಗೂ ಅದನ್ನು ವಿಸ್ತರಿಸುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2024ರ ಡಿಸೆಂಬರಿನಲ್ಲಿ ಹೊರಡಿಸಿತು. ಆ ಹೊಣೆಯಲ್ಲಿ ಲೋಟಗಳನ್ನು ಬೇರೆಯಾಗಿ ಸಂಗ್ರಹಿಸುವ ಕೂಲಿಯೂ ಸೇರಬೇಕು, ಅದು ಒಣ ಕಸ ಕೇಂದ್ರದಲ್ಲಿ ಕೂತು ವಿಂಗಡಿಸುವವರ ಕೈಗೆ ನೇರವಾಗಿ ತಲುಪಬೇಕು. ತೂಕ ಬಾರದ ಮಾಲಿಗೂ ಒಂದು ದರ ಸಿಕ್ಕ ದಿನ ಮೂಲೆಯ ಆ ರಾಶಿಗೂ ಕೊಳ್ಳುವವರು ಹುಟ್ಟುತ್ತಾರೆ. ಅಲ್ಲಿಯವರೆಗೆ ಆಫೀಸಿನ ಮೇಜಿನ ಮೇಲೆ ಸ್ವಂತ ಲೋಟ ಇಟ್ಟುಕೊಳ್ಳಿ, ದರ್ಶಿನಿಯಲ್ಲಿ ಕಾಫಿ ಹೇಳುವಾಗ ‘ಸ್ಟೀಲ್ ಲೋಟದಲ್ಲೇ ಕೊಡಿ’ ಎಂದು ಒಂದು ಮಾತು ಸೇರಿಸಿ. ಕೇಳಿದರೆ ಕೊಡದಿರುವವರು ಕಡಿಮೆ.